ಸಾಲ ಸಲಹೆಗಾರರು: ಯಾರನ್ನು ನಂಬಬೇಕು, ಯಾರಿಗೆ ದುಡ್ಡು ಕೊಡಬಾರದು

ಸಾಲ ತೀರಿಸಲು ನೆರವಾಗುತ್ತೇವೆ ಎನ್ನುವ ಸಂಸ್ಥೆಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆರನ್ನು ಆರಿಸಿಕೊಂಡು ಈ ಸಲ ಉತ್ತರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಖಾಸಗಿ ಕಂಪನಿಯಲ್ಲಿ ಕೆಲಸ. ಕೈಗೆ ಬರುವ ಸಂಬಳ 38,000 ರೂಪಾಯಿ. ಕ್ರೆಡಿಟ್ ಕಾರ್ಡ್ ಬಾಕಿ 1.20 ಲಕ್ಷ, ಪರ್ಸನಲ್ ಲೋನ್ 3 ಲಕ್ಷ, ಎರಡು ಆ್ಯಪ್‌ಗಳಲ್ಲಿ ತೆಗೆದದ್ದು 80 ಸಾವಿರ, ಒಟ್ಟು 5 ಲಕ್ಷ. ಒಂದು ಕಂಪನಿಯವರು ಫೋನ್ ಮಾಡಿ, ‘ಇಎಂಐ ಕಟ್ಟೋದು ನಿಲ್ಲಿಸಿ, ತಿಂಗಳಿಗೆ 2,500 ನಮಗೆ ಕೊಡಿ, ಎರಡು ವರ್ಷದಲ್ಲಿ ಅರ್ಧಕ್ಕೇ ಸೆಟಲ್ ಮಾಡಿಸ್ತೀವಿ’ ಅಂದಿದ್ದಾರೆ. ಸೆಟಲ್ ಆದ ಮೊತ್ತಕ್ಕೆ ಶೇ. 15 ಅವರ ಶುಲ್ಕ, ಜಿಎಸ್‌ಟಿ ಬೇರೆ. ಸೇರಬಹುದೇ? — ಹುಬ್ಬಳ್ಳಿ

ಉತ್ತರ: ಸೇರಬೇಡಿ. ಯಾಕೆ ಎಂದು ಲೆಕ್ಕ ಹಾಕಿಯೇ ನೋಡೋಣ.

‘ಅರ್ಧಕ್ಕೆ’ ಎಂದರೆ ಯಾವುದರ ಅರ್ಧ? ಇವತ್ತಿನ 5 ಲಕ್ಷದ್ದಲ್ಲ, ಸೆಟಲ್ ಮಾಡುವ ದಿನ ಎಷ್ಟು ಬಾಕಿ ನಿಂತಿರುತ್ತದೋ ಅದರದ್ದು. ಕಂತು ನಿಲ್ಲಿಸಿದ ದಿನದಿಂದ ಬಡ್ಡಿಯ ಜೊತೆಗೆ ತಡ ಶುಲ್ಕ, ಬೌನ್ಸ್ ಶುಲ್ಕ ಸೇರುತ್ತಾ ಹೋಗುತ್ತವೆ. ತಿಂಗಳಿಗೆ ಶೇ. 3.5ರಂತೆ ಕಾರ್ಡಿನ 1.20 ಲಕ್ಷವೊಂದೇ 24 ತಿಂಗಳಲ್ಲಿ 2.70 ಲಕ್ಷ ದಾಟುತ್ತದೆ. ಎಲ್ಲ ಸೇರಿ 7 ಲಕ್ಷ ಆಗುತ್ತದೆ ಎಂದು ಕಡಿಮೆಯೇ ಹಿಡಿಯೋಣ. ಅದರ ಅರ್ಧ 3.50 ಲಕ್ಷ. ಆ ಮೊತ್ತಕ್ಕೆ ಶೇ. 15 ಎಂದರೆ 52,500, ಶೇ. 18 ಜಿಎಸ್‌ಟಿ ಸೇರಿ 61,950. ತಿಂಗಳ ಶುಲ್ಕ 24 ತಿಂಗಳಿಗೆ 60,000, ಜಿಎಸ್‌ಟಿ ಸೇರಿ 70,800. ಮೂರನ್ನೂ ಕೂಡಿಸಿದರೆ 4,82,750. ಇವತ್ತಿನ 5 ಲಕ್ಷಕ್ಕೆ ಹೋಲಿಸಿದರೆ ಉಳಿತಾಯ ಆಗುವುದು 17,250 ರೂಪಾಯಿ. ಅದಕ್ಕಾಗಿ ಎರಡು ವರ್ಷ ವಸೂಲಿ ಫೋನು ಸಹಿಸಿಕೊಳ್ಳಬೇಕು. ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ಪ್ರತಿ ಸಾಲದ ಮುಂದೆ ‘ಸೆಟಲ್ಡ್’ ಎಂಬ ಗುರುತು ಬೀಳುತ್ತದೆ. ‘ಕ್ಲೋಸ್ಡ್’ ಎಂದರೆ ಪೂರ್ತಿ ಕಟ್ಟಿದವರು, ‘ಸೆಟಲ್ಡ್’ ಎಂದರೆ ಪೂರ್ತಿ ಕಟ್ಟಲಾಗದವರು. ಈ ಗುರುತು ಸಾಮಾನ್ಯವಾಗಿ 7 ವರ್ಷ ಉಳಿಯುತ್ತದೆ. ಮುಂದೆ ಮನೆ ಸಾಲಕ್ಕೋ ಮಕ್ಕಳ ಓದಿನ ಸಾಲಕ್ಕೋ ಹೋದಾಗ ಬ್ಯಾಂಕಿನವರು ಮೊದಲು ನೋಡುವುದು ಇದನ್ನೇ.

ಇಂಥ ಕಂಪನಿಗಳು ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿಯಿದೆ. ನಿಮ್ಮ ಇಎಂಐ ಖಾತೆಯಿಂದ ತಾನಾಗಿ ಕಡಿತವಾಗುತ್ತಿದ್ದರೆ, ಹಣವಿಲ್ಲದೆ ಅದು ಬೌನ್ಸ್ ಆಗುವುದು ಚೆಕ್ ಬೌನ್ಸ್ ಆದಷ್ಟೇ ಗಂಭೀರ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಅದಕ್ಕೆ 2 ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಲು ಅವಕಾಶವಿದೆ. ನೋಟಿಸ್ ಕೈಗೆ ಬಂದ 15 ದಿನದೊಳಗೆ ಆ ಕಂತು ಕಟ್ಟಿದರೆ ಕೇಸು ಹಾಕಲು ಬರುವುದಿಲ್ಲ. ಆದರೆ ‘ನೋಟಿಸ್ ಬಂದರೆ ನಮಗೆ ವಾಟ್ಸ್‌ಆ್ಯಪ್ ಮಾಡಿ, ನಾವು ನೋಡ್ಕೋತೀವಿ’ ಎಂಬ ಮಾತು ನಂಬಿ ಆ 15 ದಿನ ಕಳೆದುಕೊಂಡವರ ಕಷ್ಟ ದೊಡ್ಡದು. ಕೋರ್ಟಿಗೆ ಹೋಗಿ ನಿಲ್ಲಬೇಕಾದವರು ನೀವು, ಅವರಲ್ಲ.

ನಿಮ್ಮ ಸ್ಥಿತಿಯಲ್ಲಿ ಮೊದಲು ಮದ್ದು ಬೇಕಿರುವುದು ಕಾರ್ಡಿಗೆ. 1.20 ಲಕ್ಷಕ್ಕೆ ತಿಂಗಳ ಬಡ್ಡಿ 4,200, ಅದರ ಮೇಲೆ ಜಿಎಸ್‌ಟಿ 756. ತಿಂಗಳಿಗೆ 5,000 ಕಟ್ಟಿದರೂ ಅಸಲು ಕರಗುವುದಿಲ್ಲ. ಬ್ಯಾಂಕಿಗೆ ಬರೆದು ಇಡೀ ಬಾಕಿಯನ್ನು 24 ಕಂತಿಗೆ ಬದಲಾಯಿಸಿಕೊಡಲು ಕೇಳಿ. ವರ್ಷಕ್ಕೆ ಶೇ. 18ರ ಬಡ್ಡಿ ಹಾಕಿದರೂ ಕಂತು ಸುಮಾರು 5,990 ಬರುತ್ತದೆ, ಜೊತೆಗೆ ಬಡ್ಡಿಯ ಮೇಲಿನ ಜಿಎಸ್‌ಟಿ. ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ ಎರಡು ವರ್ಷದಲ್ಲಿ ಸಾಲ ಮುಗಿಯುತ್ತದೆ. ಕಾರ್ಡನ್ನು ಅಂದೇ ಬ್ಲಾಕ್ ಮಾಡಿಸಿ. ಬದಲಾಯಿಸಿದ ಮೇಲೂ ಉಜ್ಜುತ್ತಾ ಹೋದರೆ ಈ ಲೆಕ್ಕವೆಲ್ಲ ನೀರುಪಾಲು. ಪರ್ಸನಲ್ ಲೋನ್ ಕೊಟ್ಟವರನ್ನು ಅವಧಿ ಹೆಚ್ಚಿಸಲು ಕೇಳಿ. ಒಟ್ಟು ಬಡ್ಡಿ ಹೆಚ್ಚಾಗುತ್ತದೆ, ನಿಜ. ಆದರೆ ಕಂತು ತಗ್ಗಿ ಉಳಿದ ಹಣವನ್ನು ಆ್ಯಪ್ ಸಾಲಕ್ಕೆ ಹಾಕಿ ಅದನ್ನು ಮೊದಲು ಮುಗಿಸಿಕೊಳ್ಳಬಹುದು. ಇಷ್ಟನ್ನೂ ಸುಸ್ತಿಯಾಗುವ ಮೊದಲೇ ಕೇಳಬೇಕು. ಖಾತೆ ಸರಿಯಿರುವಾಗ ಸಿಗುವ ಒಪ್ಪಿಗೆ ಮೂರು ಕಂತು ತಪ್ಪಿದ ಮೇಲೆ ಸಿಗುವುದು ಕಷ್ಟ.

ಪ್ರಶ್ನೆ: ಹಾಗಾದರೆ ಒಳ್ಳೆಯ ಸಲಹೆಗಾರರು ಯಾರೂ ಇಲ್ಲವೇ? ಇದ್ದರೆ ಗುರುತಿಸುವುದು ಹೇಗೆ? ಹೋಗುವಾಗ ಏನೇನು ಒಯ್ಯಬೇಕು? — ತುಮಕೂರು

ಉತ್ತರ: ಇದ್ದಾರೆ. ಜಾಹೀರಾತಿನಲ್ಲಿ ಕಾಣುವುದು ಕಡಿಮೆ ಅಷ್ಟೆ.

ಮೊದಲು ಹೋಗಬೇಕಾದದ್ದು ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಕ್ಕೆ. ಸಾಲ ಸಲಹಾ ಕೇಂದ್ರಗಳಿಗೆ ರಿಸರ್ವ್ ಬ್ಯಾಂಕ್ 2009ರಲ್ಲೇ ಮಾದರಿ ಯೋಜನೆ ರೂಪಿಸಿತ್ತು. 2012ರಿಂದ ಅವು ಆರ್ಥಿಕ ಸಾಕ್ಷರತಾ ಕೇಂದ್ರಗಳಾಗಿ ನಡೆಯುತ್ತಿವೆ. ಕೆನರಾ ಬ್ಯಾಂಕಿನ ‘ಅಮೂಲ್ಯ’ ಕೇಂದ್ರಗಳು ಈ ಬಗೆಯವು. ಶುಲ್ಕವಿಲ್ಲ. ನಿಮ್ಮ ಸಾಲ ಬೇರೆ ಬ್ಯಾಂಕಿನದ್ದಾದರೂ ಹೋಗಬಹುದು. ಎಲ್ಲಿದೆ ಎಂದು ತಿಳಿಯದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಕಚೇರಿಯಲ್ಲಿ ಕೇಳಿ. ಒಂದು ಮಾತು ತಿಳಿದಿರಲಿ: ಈ ಕೇಂದ್ರದವರು ನಿಮ್ಮ ಪರವಾಗಿ ಬ್ಯಾಂಕಿನ ಜೊತೆ ಜಗಳಕ್ಕೆ ಇಳಿಯುವವರಲ್ಲ. ಲೆಕ್ಕ ನೋಡುತ್ತಾರೆ, ದಾರಿ ತೋರಿಸುತ್ತಾರೆ, ಅರ್ಜಿ ಹೇಗೆ ಬರೆಯಬೇಕೆಂದು ಹೇಳಿಕೊಡುತ್ತಾರೆ. ಎಷ್ಟೋ ಮಂದಿಗೆ ಬೇಕಾಗಿರುವುದು ಅದೇ.

ನೋಟಿಸ್ ಬಂದಿದ್ದರೆ, ಕೇಸು ಹಾಕಿದ್ದರೆ, ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದ ಹೆಚ್ಚಿನವರಿಗೆ ಆದಾಯದ ಮಿತಿಯಿದೆ. ಬ್ಯಾಂಕಿನ ಪ್ರಕರಣಗಳು ಲೋಕ ಅದಾಲತ್‌ನಲ್ಲೂ ರಾಜಿಯಾಗುತ್ತವೆ. ಕೋರ್ಟ್ ಶುಲ್ಕವಿಲ್ಲ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಕಟ್ಟಲು ಆಗುವ ಮೊತ್ತಕ್ಕಷ್ಟೇ ಒಪ್ಪಿಕೊಳ್ಳಿ.

ದುಡ್ಡು ಕೊಟ್ಟು ಖಾಸಗಿಯವರ ಹತ್ತಿರವೇ ಹೋಗುತ್ತೀರಾದರೆ, ಮೊದಲ ಭೇಟಿಯಲ್ಲಿ ಅವರು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ಬಲ್ಲವರು ಮೊದಲು ಕೇಳುವುದು ಮನೆ ಖರ್ಚು. ಒಂದು ಹಾಳೆ ತೆಗೆದು ಎಡಕ್ಕೆ ಸಂಬಳ, ಬಾಡಿಗೆ, ರೇಷನ್, ಶಾಲೆ ಫೀಸು, ಔಷಧಿ ಬರೆಸುತ್ತಾರೆ. ಬಲಕ್ಕೆ ಪ್ರತಿ ಸಾಲದ ಹೆಸರು, ಉಳಿದ ಅಸಲು, ಬಡ್ಡಿ ದರ, ಕಂತು, ಕಟ್ಟುವ ತಾರೀಕು, ಒತ್ತೆ ಏನಿದೆ, ಜಾಮೀನು ಯಾರದ್ದು. ಅಮ್ಮನ ಒಡವೆ ಇಟ್ಟು ತಂದ ಚಿನ್ನದ ಸಾಲ, ಭಾವನ ಹತ್ತಿರ ತಂದ ಕೈಸಾಲ, ಚೀಟಿ ಎತ್ತಿದ್ದು, ಇವೂ ಆ ಹಾಳೆಗೆ ಬರಬೇಕು. ಜನ ಮುಚ್ಚಿಡುವುದು ಇವುಗಳನ್ನೇ, ಯೋಜನೆ ಮುರಿದುಬೀಳುವುದೂ ಇವುಗಳಿಂದಲೇ. ಈ ಹಾಳೆ ತುಂಬುವ ಮೊದಲೇ ‘ಶೇ. 50 ಕಡಿಮೆ ಮಾಡಿಸುತ್ತೇವೆ’ ಎಂದವರು ನಿಮ್ಮ ಲೆಕ್ಕ ನೋಡದೆ ತಮ್ಮ ಲೆಕ್ಕ ಹೇಳುತ್ತಿದ್ದಾರೆ. ಎದ್ದು ಬನ್ನಿ.

ಅವರನ್ನು ನೀವೂ ಕೇಳಿ. ಶುಲ್ಕ ಯಾವಾಗ, ಎಷ್ಟು, ಕೆಲಸ ಆಗದಿದ್ದರೆ ವಾಪಸ್ಸೇ? ಕಂತು ಕಟ್ಟುವುದನ್ನು ನಿಲ್ಲಿಸಲು ಹೇಳುತ್ತೀರಾ? ನಾನು ಕೂಡಿಡುವ ಹಣ ಯಾರ ಹೆಸರಿನ ಖಾತೆಯಲ್ಲಿರುತ್ತದೆ? ಸಾಲ ಕೊಟ್ಟವರಿಂದಲೂ ನಿಮಗೆ ಕಮಿಷನ್ ಉಂಟೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸಾಲ ಸೆಟಲ್‌ಮೆಂಟ್ ಮಾಡಿಸುವ ಕೆಲಸಕ್ಕೆ ರಿಸರ್ವ್ ಬ್ಯಾಂಕ್ ಲೈಸೆನ್ಸ್ ಕೊಡುವುದಿಲ್ಲ. ಹಾಗಾಗಿ ‘ಆರ್‌ಬಿಐ ಅನುಮೋದಿತ’ ಎಂದು ಹಾಕಿಕೊಂಡವರು ಮೊದಲ ಮಾತಿನಲ್ಲೇ ಸುಳ್ಳು ಹೇಳಿದಂತಾಯಿತು. ಕಂಪನಿಯಾಗಿ ನೋಂದಣಿಯಾಗಿದೆ ಎಂದು ತೋರಿಸುವ ಪ್ರಮಾಣಪತ್ರಕ್ಕೆ ಬೇರೆ ಬೆಲೆಯೇನಿಲ್ಲ. ಉಪ್ಪಿನಕಾಯಿ ಮಾರುವ ಕಂಪನಿಗೂ ಅದೇ ಪ್ರಮಾಣಪತ್ರ ಸಿಗುತ್ತದೆ. ‘ನಮ್ಮಲ್ಲಿ ವಕೀಲರ ತಂಡವಿದೆ’ ಎಂದರೆ ವಕೀಲರ ಹೆಸರು, ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವಂತಿಲ್ಲ.

ಒಯ್ಯಬೇಕಾದದ್ದು: ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಪ್ರತಿ ಸಾಲದ ಒಪ್ಪಂದ ಮತ್ತು ಇತ್ತೀಚಿನ ಸ್ಟೇಟ್‌ಮೆಂಟ್, ಬಂದ ನೋಟಿಸುಗಳು ಕವರ್ ಸಮೇತ (ಅಂಚೆ ಮುದ್ರೆಯ ತಾರೀಕು ಬೇಕಾಗುತ್ತದೆ), ಕ್ರೆಡಿಟ್ ವರದಿ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ವರದಿ ತೆಗೆದುಕೊಡಲು ದುಡ್ಡು ಕೇಳುವವರಿಗೆ ಕೊಡಬೇಡಿ. ಸಹಿ ಹಾಕಿದ ಖಾಲಿ ಚೆಕ್, ಖಾಲಿ ಛಾಪಾ ಕಾಗದ, ಒಟಿಪಿ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಆಸ್ತಿಯ ಮೂಲ ಪತ್ರ ಯಾರ ಕೈಗೂ ಹೋಗಬಾರದು.

ಪ್ರಶ್ನೆ: ‘ಸಾಲ ಮನ್ನಾ ಪ್ರಮಾಣಪತ್ರ’ ಕೊಡಿಸುತ್ತೇವೆ, ಅದನ್ನು ಬ್ಯಾಂಕಿಗೆ ಕೊಟ್ಟರೆ ಕಟ್ಟಬೇಕಾಗಿಲ್ಲ ಎಂದು ನಮ್ಮ ಬಡಾವಣೆಯಲ್ಲಿ ಸಭೆ ಮಾಡಿದರು. ಒಬ್ಬೊಬ್ಬರಿಗೆ 3,000 ಕೇಳುತ್ತಿದ್ದಾರೆ. — ದಾವಣಗೆರೆ

ಉತ್ತರ: ಪೂರಾ ಮೋಸ. ಹೀಗೆ ಶುಲ್ಕ ಪಡೆದು ಮನ್ನಾ ಪತ್ರ ಹಂಚುವವರಿಗೆ ಯಾವ ಅಧಿಕಾರವೂ ಇಲ್ಲವೆಂದು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ. ಸರ್ಕಾರ ಸಾಲ ಮನ್ನಾ ಮಾಡಿದರೆ ಅದು ಆದೇಶವಾಗಿ ಬ್ಯಾಂಕಿಗೇ ಬರುತ್ತದೆ, ಮಧ್ಯದಲ್ಲಿ ಪ್ರಮಾಣಪತ್ರ ಮಾರುವವರು ಇರುವುದಿಲ್ಲ. ಸಭೆಯ ಕರಪತ್ರ, ಹಣ ಕೊಟ್ಟ ರಸೀದಿ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ. ಕೊಟ್ಟವರು ನಾಲ್ಕೈದು ಮಂದಿ ಒಟ್ಟಿಗೆ ಹೋದರೆ ಒಳ್ಳೆಯದು.

ಪ್ರಶ್ನೆ: ನನ್ನ ತಂಗಿ ಮೂರು ಮೈಕ್ರೋ ಫೈನಾನ್ಸ್ ಸಂಘಗಳಲ್ಲಿ ಸಾಲ ತೆಗೆದಿದ್ದಾಳೆ, ಒಬ್ಬರ ಹತ್ತಿರ ಮೀಟರ್ ಬಡ್ಡಿಗೂ ತಂದಿದ್ದಾಳೆ. ವಸೂಲಿಗೆ ಬಂದವರು ರಾತ್ರಿ 8ರವರೆಗೆ ಮನೆ ಮುಂದೆ ಕೂರುತ್ತಾರೆ. ಊರಿನವರೊಬ್ಬರು ‘ಹೊಸ ಕಾನೂನು ಬಂದಿದೆ, 5,000 ಕೊಟ್ಟರೆ ಎಲ್ಲಾ ಸಾಲ ರದ್ದು ಮಾಡಿಸ್ತೀನಿ’ ಅನ್ನುತ್ತಿದ್ದಾರೆ. — ಚಾಮರಾಜನಗರ

ಉತ್ತರ: ಆ 5,000 ಕೊಡಬೇಡಿ. ಕಾನೂನು ಬಂದಿರುವುದು ನಿಜ. ಬಲವಂತದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅದರಲ್ಲಿದೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳ ಸಾಲ ಅದರಿಂದ ರದ್ದಾಗುವುದಿಲ್ಲ. ಎರಡನ್ನೂ ಕಲಸಿ ಹೇಳಿ ದುಡ್ಡು ಮಾಡುವವರು ಈಗ ಹಳ್ಳಿಗಳಲ್ಲಿ ಓಡಾಡುತ್ತಿದ್ದಾರೆ.

ತಂಗಿಯ ಸಾಲಗಳನ್ನು ಎರಡು ಭಾಗ ಮಾಡಿ. ಮೂರು ಸಂಘಗಳದ್ದು ಒಂದು ಕಡೆ. ಸಾಲದ ಕಾರ್ಡಿನ ಮೇಲೆ ಕಂಪನಿಯ ಹೆಸರು, ಬಡ್ಡಿ ದರ, ದೂರು ಕೊಡುವ ಫೋನ್ ನಂಬರ್ ಅಚ್ಚಾಗಿರಲೇಬೇಕು. ಮೈಕ್ರೋ ಸಾಲದ ಬಗ್ಗೆ ರಿಸರ್ವ್ ಬ್ಯಾಂಕಿನ 2022ರ ನಿಯಮ ಹೀಗಿದೆ: ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಕಂತು ಕಟ್ಟಲು ಇಬ್ಬರೂ ಒಪ್ಪಿದ ಜಾಗವಿರಬೇಕು, ಸಾಲ ಪಡೆದವರು ಅಲ್ಲಿಗೆ ಸತತ ಎರಡು ಸಲ ಬರದಿದ್ದರೆ ಮಾತ್ರ ವಸೂಲಿಯವರು ಮನೆಗೆ ಬರಬಹುದು. ಮನೆಯವರ ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರುವಂತೆ ಹೊಸ ಸಾಲ ಕೊಡಬಾರದು. ಮೂರನೆಯ ಸಂಘ ಇದನ್ನು ಲೆಕ್ಕ ಹಾಕಿಯೇ ಸಾಲ ಕೊಟ್ಟಿತೇ ಎಂದು ದೂರಿನಲ್ಲಿ ಕೇಳಿ. ಮೊದಲು ಕಂಪನಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವ್ಯವಸ್ಥೆಗೆ ಬರೆಯಿರಿ. ಮಾಹಿತಿಗೆ 14448, ಶುಲ್ಕವಿಲ್ಲ. ಬಂದವರು ಎಷ್ಟು ಗಂಟೆಗೆ ಬಂದರು, ಏನಂದರು ಎಂದು ದಿನವೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಡಿ. ದೂರಿಗೆ ಬಲ ಬರುವುದು ಅದರಿಂದ.

ಮೀಟರ್ ಬಡ್ಡಿ ಇನ್ನೊಂದು ಕಡೆ. ಪರವಾನಗಿ ಇಲ್ಲದೆ ಸಾಲ ಕೊಟ್ಟವರಿಗೆ ರಾಜ್ಯದ ಕಾಯ್ದೆ ತಾಗುತ್ತದೆ. ಬೆದರಿಕೆ ಇದ್ದರೆ ನೇರ ಠಾಣೆಗೆ ಹೋಗಿ, ಜೊತೆಗೆ ಜಿಲ್ಲಾಧಿಕಾರಿ ಕಚೇರಿಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಸಂಘದ ಕಂತು ಕಟ್ಟಲು ಇನ್ನೊಂದರಲ್ಲಿ ತೆಗೆಯುವುದನ್ನು ಇಂದೇ ನಿಲ್ಲಿಸಲಿ. ತಂಗಿ ಹೆದರಿ ಊಟ ನಿದ್ದೆ ಬಿಟ್ಟಿದ್ದರೆ, ಈ ಕಾಗದಗಳಿಗಿಂತ ಮೊದಲು ಯಾರಾದರೂ ಅವಳ ಜೊತೆಗಿರಿ. ಮನಸ್ಸಿನ ನೆರವಿಗೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗನ ಕಾರ್ಡ್ ಸಾಲ 22,000 ಡಾಲರ್ ಆಗಿದೆ. ಅಲ್ಲೂ ಇಂಥ ಕಂಪನಿಗಳಿವೆಯಂತೆ. ಅಲ್ಲಿ ನಂಬಬಹುದೇ? — ಶಿವಮೊಗ್ಗ

ಉತ್ತರ: ಅಲ್ಲಿ ಎರಡು ಬಗೆಯವರಿದ್ದಾರೆ. ಲಾಭಕ್ಕಲ್ಲದ ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಗಳು ಬಡ್ಡಿ ಇಳಿಸಿಕೊಂಡು ಅಸಲು ಪೂರ್ತಿ ತೀರಿಸುವ ಯೋಜನೆ ಮಾಡಿಕೊಡುತ್ತವೆ. ಅವುಗಳ ಹಳೆಯ ಒಕ್ಕೂಟ ಎನ್‌ಎಫ್‌ಸಿಸಿ. ಸೆಟಲ್‌ಮೆಂಟ್ ಕಂಪನಿಗಳು ಬೇರೆ. ಫೋನಿನಲ್ಲಿ ಸೇವೆ ಮಾರುವ ಅಂಥ ಕಂಪನಿಗಳು ಒಂದಾದರೂ ಸಾಲ ತೀರಿಸಿಕೊಡುವ ಮೊದಲು ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂದು ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲೇ ನಿಯಮ ಮಾಡಿದೆ. ಮುಂಗಡ ಕೇಳಿದರೆ ಮಗ ಫೋನ್ ಇಡಲಿ. ಬಿಟ್ಟುಕೊಟ್ಟ ಸಾಲ 600 ಡಾಲರ್ ಅಥವಾ ಹೆಚ್ಚಿದ್ದರೆ ಅದನ್ನು ಆದಾಯವೆಂದು ತೆರಿಗೆ ಇಲಾಖೆಗೆ ತಿಳಿಸುತ್ತಾರೆ, ಅದೂ ನೆನಪಿರಲಿ.

ಪ್ರಶ್ನೆ: ನಾನು ಆಗಲೇ ಒಂದು ಕಂಪನಿಗೆ 30,000 ಕಟ್ಟಿಬಿಟ್ಟಿದ್ದೇನೆ. ಎಂಟು ತಿಂಗಳಿಂದ ಕಂತು ಕಟ್ಟಿಲ್ಲ. ಈಗ ಬ್ಯಾಂಕಿನ ಏಜೆಂಟ್ ಎಂದು ಹೇಳಿಕೊಂಡವರು ‘1.40 ಲಕ್ಷ ಕೊಟ್ಟರೆ ಮುಗಿಸ್ತೀವಿ, ಇವತ್ತೇ ಯುಪಿಐ ಮಾಡಿ’ ಎನ್ನುತ್ತಿದ್ದಾರೆ. ಏನು ಮಾಡಲಿ? — ಮೈಸೂರು

ಉತ್ತರ: ಯುಪಿಐ ಮಾಡಬೇಡಿ. ಮೊದಲು ಕಂಪನಿಯಿಂದ ಬಿಡಿಸಿಕೊಳ್ಳಿ. ‘ನಿಮಗೆ ಕೊಟ್ಟ ಅಧಿಕಾರಪತ್ರವನ್ನು ಇಂದಿನಿಂದ ಹಿಂಪಡೆದಿದ್ದೇನೆ, ಇದುವರೆಗೆ ಮಾಡಿದ ಕೆಲಸದ ವಿವರ ಮತ್ತು ಶುಲ್ಕದ ಮರುಪಾವತಿ ಕೊಡಿ’ ಎಂದು ಇಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ ಎರಡರಲ್ಲೂ ಕಳಿಸಿ. ಖಾತೆಯಿಂದ ಅವರ ತಿಂಗಳ ಶುಲ್ಕ ತಾನಾಗಿ ಕಡಿತವಾಗುತ್ತಿದ್ದರೆ ನಿಮ್ಮ ಬ್ಯಾಂಕಿನಲ್ಲಿ ಆ ಕಡಿತಕ್ಕೆ ಕೊಟ್ಟ ಒಪ್ಪಿಗೆ (ಮ್ಯಾಂಡೇಟ್) ರದ್ದು ಮಾಡಿಸಿ. ಸಾಲದ ಖಾತೆಯಲ್ಲಿ ನಿಮ್ಮ ಮೊಬೈಲ್, ಇಮೇಲ್, ವಿಳಾಸವೇ ಇದೆಯೇ ನೋಡಿ. ಕೆಲವರು ಸೇರಿಸಿಕೊಳ್ಳುವಾಗಲೇ ಅದನ್ನು ಬದಲಾಯಿಸಿಬಿಡುತ್ತಾರೆ, ನೋಟಿಸ್ ನಿಮಗೆ ಮುಟ್ಟುವುದೇ ಇಲ್ಲ. ಹಣ ವಾಪಸ್ಸಿಗೆ ಗ್ರಾಹಕರ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು, 2 ವರ್ಷದೊಳಗೆ ಹಾಕಬೇಕು.

ಆಮೇಲೆ ಬ್ಯಾಂಕು. ಸಾಲಗಾರರ ಜೊತೆ ರಾಜಿ ತೀರುವಳಿಗೆ ಪ್ರತಿ ಬ್ಯಾಂಕೂ ಆಡಳಿತ ಮಂಡಳಿ ಒಪ್ಪಿದ ನೀತಿ ಇಟ್ಟುಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ಹೇಳಿದೆ. ಕಂಪನಿಯವರು ನಿಮ್ಮಿಂದ 30,000 ತೆಗೆದುಕೊಂಡು ಬರೆಯಬೇಕಿದ್ದ ಅರ್ಜಿಯನ್ನು ನೀವೇ ಶಾಖೆಗೆ ಬರೆಯಬಹುದು: ಸಾಲದ ಸಂಖ್ಯೆ, ಕಟ್ಟಲಾಗದ ಕಾರಣ, ಅದಕ್ಕೆ ಪುರಾವೆ, ಕೊಡಬಲ್ಲ ಮೊತ್ತ, ಎಷ್ಟು ಕಂತು. ಕೊಡಬಲ್ಲ ಗರಿಷ್ಠವನ್ನು ಮೊದಲೇ ಹೇಳಬೇಡಿ, ಬ್ಯಾಂಕಿನವರು ಮೇಲಕ್ಕೆ ಎಳೆಯುತ್ತಾರೆ. ಇಂಥ ತೀರುವಳಿ ಆದ ಮೇಲೆ ಆ ಬ್ಯಾಂಕು ಕನಿಷ್ಠ 12 ತಿಂಗಳು ನಿಮಗೆ ಹೊಸ ಸಾಲ ಕೊಡುವುದಿಲ್ಲ.

ಒಪ್ಪಿಗೆ ಪತ್ರ ಬಂದಾಗ ಸಾವಧಾನವಾಗಿ ಓದಿ. ಬ್ಯಾಂಕಿನ ಲೆಟರ್‌ಹೆಡ್, ಪತ್ರ ಸಂಖ್ಯೆ, ಸಹಿ ಹಾಕಿದ ಅಧಿಕಾರಿಯ ಹುದ್ದೆ ಇರಬೇಕು. ನಿಮ್ಮ ಸಾಲದ ಖಾತೆ ಸಂಖ್ಯೆಯ ಒಂದೊಂದು ಅಂಕಿಯನ್ನೂ ಹೋಲಿಸಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯೇ ನೋಡಿ. ಕಟ್ಟುವ ಕೊನೆಯ ದಿನ ಯಾವುದು? ಒಂದು ದಿನ ತಡವಾದರೆ ಇಡೀ ರಿಯಾಯಿತಿ ರದ್ದಾಗುವ ಸಾಲು ಇಂಥ ಪತ್ರಗಳಲ್ಲಿ ಇರುತ್ತದೆ. ‘ಉಳಿದ ಬಾಕಿಗೆ ಮುಂದೆ ಹಕ್ಕು ಸಾಧಿಸುವುದಿಲ್ಲ’ ಎಂಬ ಅರ್ಥದ ವಾಕ್ಯ, ಹಾಕಿರುವ ಕೇಸು ಹಿಂಪಡೆಯುವ ವಾಕ್ಯ ಎರಡೂ ಬೇಕು. ಇಲ್ಲದಿದ್ದರೆ ಸೇರಿಸಿ ಕೊಡಲು ಕೇಳಿ. ಪತ್ರ ಹಿಡಿದು ಶಾಖೆಗೇ ಹೋಗಿ ‘ಇದು ನಿಮ್ಮದೇ ತಾನೆ’ ಎಂದು ಖಚಿತ ಮಾಡಿಕೊಳ್ಳಿ, ನಕಲಿ ಪತ್ರಗಳೂ ಬರುತ್ತವೆ. ಹಣವನ್ನು ನಿಮ್ಮ ಖಾತೆಯಿಂದ ನೇರ ಸಾಲದ ಖಾತೆಗೇ ಹಾಕಿ, ರಸೀದಿ ಪಡೆಯಿರಿ. ನಂತರ ಬಾಕಿ ಏನೂ ಉಳಿದಿಲ್ಲ ಎಂಬ ಬೇಬಾಕಿ ಪತ್ರ ಕೇಳಿ. ಮನೆ, ಜಾಗದ ಪತ್ರ ಒತ್ತೆ ಇಟ್ಟಿದ್ದರೆ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದು ನೋಡಿ. ಬಾಕಿ ಸೊನ್ನೆ ಆಗಿರಬೇಕು. ಆಗಿರದಿದ್ದರೆ ತಿದ್ದುಪಡಿಗೆ ಆನ್‌ಲೈನ್‌ನಲ್ಲಿ ದೂರು ಹಾಕಿ. 30 ದಿನ ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೂರಿನ ಸಂಖ್ಯೆ, ಹಾಕಿದ ತಾರೀಕು ಎರಡನ್ನೂ ಬೇಬಾಕಿ ಪತ್ರದ ಜೊತೆಗೇ ಇಟ್ಟುಕೊಳ್ಳಿ.